ಗುಡ್ಡ, ಕಡಲು ಮತ್ತು ಎರಡು ಡೇರೆ

"ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ?" ಎಂದು ಯಾರಾದರೂ ಕೇಳಿದರೆ "ಊರಿಗೆ" ಎಂದುಬಿಡುವುದು ನಮ್ಮಂಥ ಮುಂಬಯಿ ಕನ್ನಡಿಗರಿಗೆ ಬಹಳ ಸುಲಭ. ಅದರ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟುವುದಿಲ್ಲ. ಊರು ಅಂದರೆ ಊರು, ಅಲ್ಲಿ ದೊಡ್ಡಪ್ಪನ ಮನೆ ಇರುತ್ತದೆ, ಅಂಗಳದಲ್ಲಿ ಅಡಿಕೆಯೋ ಹಪ್ಪಳವೋ ಒಣಗುತ್ತಿರುತ್ತದೆ, ಹೋದವರು ಉಂಡು ಮಲಗಿ ದಪ್ಪಗಾಗಿ ಬರುತ್ತಾರೆ. ಈ ಸಲ ಡಿಸೆಂಬರಿನಲ್ಲಿ ನಾನು ಊರಿಗೆ ಹೋಗಿಯೂ ಡೇರೆಯಲ್ಲಿ ಮಲಗಿ ಬಂದೆನೆಂದು ಸಂಘದ ಕೋಣೆಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಸಂಪಾದಕರು ಬಿಡಲಿಲ್ಲ. "ಮುಂದಿನ ವರ್ಷ ಹೋಗುವವರಿಗೆ ಉಪಯೋಗವಾಗುವ ಹಾಗೆ ಬರಿ, ಬರೀ ಸೂರ್ಯಾಸ್ತದ ವರ್ಣನೆ ಬೇಡ" ಎಂದರು. ಆದ್ದರಿಂದ ಸೂರ್ಯಾಸ್ತದ ವಿಷಯ ಇಲ್ಲಿಗೇ ಮುಗಿಯಿತು. ಅದು ಚೆನ್ನಾಗಿಯೇ ಇತ್ತು.

ಹೋದವರು ನಾವು ಆರು ಜನ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಮೂಲ ಕುಮಟೆಯ ಕಡೆ. ಉಳಿದವರಲ್ಲಿ ಒಬ್ಬ ಗದಗಿನವ, ಇಬ್ಬರು ಉಡುಪಿಯ ಕಡೆಯ ತುಳು ಮಾತಿನವರು, ಒಬ್ಬ ಸೊಲ್ಲಾಪುರದವ. ಇನ್ನೊಬ್ಬ ಅಪ್ಪಟ ಮರಾಠಿ ಹುಡುಗ. ನಮ್ಮ ಸಹವಾಸದಿಂದ ಅರ್ಧ ಕನ್ನಡ ಕಲಿತಿದ್ದಾನೆ, ಅದೂ ಬೈಗುಳಗಳ ಅರ್ಧ. ಡೇರೆ ಎರಡು, ಐದು ರಾತ್ರಿ.

ಊರ ಸ್ಟೇಷನ್ನಿನಿಂದ ದೊಡ್ಡಪ್ಪನಿಗೆ ಫೋನು ಮಾಡಿದಾಗ ಅವರ ಮೊದಲ ಮಾತು ಇದು: "ಮನೆ ಇದ್ದೂ ಎಂತಕ್ಕೆ ಮರಳಲ್ಲಿ ಮಲಗೂದು? ಜನ ಎಂತ ಹೇಳೂದಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಉತ್ತರ ಕನ್ನಡವನ್ನೇ ಯಾಕೆ ಆರಿಸಿದೆವು ಅಂದರೆ, ಬೆಟ್ಟ ಮತ್ತು ಕಡಲು ಎರಡೂ ಒಂದೇ ಪ್ರಯಾಣದಲ್ಲಿ ಕಾಲಿಗೆ ಸಿಗುವ ಜಾಗ ಅದು. ಸಹ್ಯಾದ್ರಿ ಬೇರೆ ಕಡೆ ಕಡಲಿನಿಂದ ಸ್ವಲ್ಪ ದೂರ ನಿಂತು ನೋಡುತ್ತದೆ. ಕಾರವಾರ, ಅಂಕೋಲೆ, ಕುಮಟೆಗಳ ಕಡೆ ಅದರ ಸೆರಗು ನೀರಿಗೇ ಬಂದು ಬೀಳುತ್ತದೆ. ಕಾರವಾರದ ಗುಡ್ಡಗಳು, ಗೋಕರ್ಣದ ಮೂಲೆಗಳು ಎಲ್ಲ ಹಾಗೆ ಸಮುದ್ರಕ್ಕೆ ಚಾಚಿದ ಬೆಟ್ಟದ ಬೆರಳುಗಳೇ. ಆ ಬೆರಳುಗಳ ನಡುವಿನ ಸಂದಿಗಳಲ್ಲಿ ಮರಳು ತುಂಬಿ ಸಣ್ಣ ಸಣ್ಣ ದಂಡೆಗಳಾಗಿವೆ: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಕೊನೆಯ ಎರಡು ಹೆಸರು ಯಾರು ಇಟ್ಟದ್ದೆಂದು ಹೇಳಬೇಕಾಗಿಲ್ಲ. ಕುಡ್ಲೆ ಮಾತ್ರ ನಮ್ಮ ಬಾಯಿಗೆ ಹಿತವಾಗಿದೆ. ಓಂ ದಂಡೆಗೆ ಆ ಹೆಸರು ಅದರ ಆಕಾರದಿಂದ ಬಂತು. ಮೇಲಿನ ಗುಡ್ಡದಿಂದ ನೋಡಿದರೆ ತಿಳಿಯುತ್ತದೆ, ಮರಳಲ್ಲಿ ನಿಂತರೆ ತಿಳಿಯುವುದಿಲ್ಲ.

ಹೋಗುವುದೂ ಈಗ ಸುಲಭ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗುವವರೆಗೆ ಅಪ್ಪ ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು ವಾಂತಿ ಮಾಡಿಕೊಂಡೇ ಊರು ಮುಟ್ಟುತ್ತಿದ್ದರಂತೆ. ಅದಕ್ಕೂ ಹಿಂದೆ ಕುಮಟೆಗೂ ಮುಂಬಯಿಗೂ ಸಮುದ್ರವೇ ದಾರಿ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆ ಬಂದರಿನಿಂದ ಮುಂಬಯಿಗೆ ಬರುತ್ತಿದ್ದ ಕಾಲವೊಂದಿತ್ತು. ನಾವು ಮಧ್ಯಾಹ್ನ ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧಾ ಹತ್ತಿದೆವು, ಬೆಳಕು ಹರಿಯುವ ಮೊದಲೇ ಇಳಿದೆವು. ರಾತ್ರಿ ಗಾಡಿಯಾದ್ದರಿಂದ ರತ್ನಾಗಿರಿಯ ಹತ್ತಿರದ ಆರೂವರೆ ಕಿಲೋಮೀಟರಿನ ಕರಬುಡೆ ಸುರಂಗ ಬಂದದ್ದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಹೊರಗೂ ಕತ್ತಲೆ, ಒಳಗೂ ಕತ್ತಲೆ.

ಇನ್ನು ಡೇರೆಯ ವಿಷಯ. ಮರಾಠಿ ಮಿತ್ರ 'ತಂಬು' ಅಂದ, ಗದಗಿನವ 'ಗುಡಾರ' ಅಂದ, ನಾನು ಟೆಂಟು ಅಂದೆ. ಹೆಸರು ಏನೇ ಇರಲಿ, ಮರಳಿನಲ್ಲಿ ಅದು ನಿಲ್ಲುವುದಿಲ್ಲ. ಅಂಗಡಿಯವ ಕೊಡುವ ತಂತಿಯಂಥ ಗೂಟಗಳು ಮರಳಿನಲ್ಲಿ ಬೆಣ್ಣೆಯಲ್ಲಿ ಸೂಜಿ ಚುಚ್ಚಿದ ಹಾಗೆ ಇಳಿಯುತ್ತವೆ, ಹಾಗೆಯೇ ಹೊರಗೂ ಬರುತ್ತವೆ. ಮೊದಲ ಸಂಜೆ ಗಾಳಿ ಎದ್ದಾಗ ಒಂದು ಡೇರೆ ನಮ್ಮ ಕಣ್ಣೆದುರೇ ಉರುಳಿಕೊಂಡು ಹೋಯಿತು. ಉಪಾಯ ಸರಳ. ಒಂದು ಚೀಲಕ್ಕೆ ಮರಳು ತುಂಬಿಸಿ ಬಾಯಿ ಕಟ್ಟಿ, ಡೇರೆಯ ಹಗ್ಗವನ್ನು ಅದಕ್ಕೆ ಬಿಗಿದು, ಮೊಳದಷ್ಟು ಆಳದ ಗುಂಡಿಯಲ್ಲಿ ಹೂತುಬಿಡಬೇಕು. ಚೀಲ ಇಲ್ಲದಿದ್ದರೆ ತೆಂಗಿನ ಸಿಪ್ಪೆಯನ್ನೋ ಒಂದು ಗಟ್ಟಿ ಕೋಲನ್ನೋ ಅಡ್ಡಡ್ಡಲಾಗಿ ಹೂತರೂ ಆಯಿತು. ಎಳೆತ ಮೇಲಿರುವ ಮರಳಿನ ಭಾರದ ಮೇಲೆ ಬೀಳುವುದರಿಂದ ಅದು ಕಿತ್ತು ಬರುವುದಿಲ್ಲ.

ಗುಡ್ಡದ ಮೇಲೆ ಇದರ ತದ್ವಿರುದ್ಧ. ಅಲ್ಲಿರುವುದು ಚಿರೆಕಲ್ಲು, ನಾವು ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಓದಿದ್ದು. 1801ರ ಸುಮಾರಿಗೆ ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರಿಟ್ಟ. ನೆಲದಡಿಯಲ್ಲಿ ಇದ್ದಾಗ ಮೆತ್ತಗೆ ಕತ್ತರಿಸಬಹುದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಊರ ಮನೆಗಳೆಲ್ಲ ಅದರವೇ. ಗುಡ್ಡದ ನೆತ್ತಿಯ ಬೋಳು ಬಯಲಿನಲ್ಲಿ ಶತಶತಮಾನ ಬಿಸಿಲು ಕಂಡ ಚಿರೆಕಲ್ಲಿಗೆ ಗೂಟ ಹೊಡೆದರೆ ಗೂಟವೇ ಡೊಂಕಾಗುತ್ತದೆ. ಅಲ್ಲಿ ಹಗ್ಗವನ್ನು ಕಲ್ಲುಗುಂಡಿಗೆ ಸುತ್ತಿ ಕಟ್ಟಬೇಕು. ನಾವು ಹೀಗೆ ಒಂದು ಗೂಟ ಕಳೆದುಕೊಂಡೆವು.

ಇನ್ನೂ ಒಂದು. ದಂಡೆಯ ಹಿಂದೆ ತೆಂಗಿನ ತೋಟ ಕಂಡರೆ ಎಲ್ಲರಿಗೂ ಅದರ ನೆರಳಲ್ಲೇ ಡೇರೆ ಹಾಕುವ ಆಸೆ. ತಲೆ ಎತ್ತಿ ನೋಡಿ. ಕಾಯಿ ಬೀಳಲು ಹಗಲು ರಾತ್ರಿ ಎಂದಿಲ್ಲ, ಒಣಗಿದ ಹೆಡೆಯ ಭಾರವೂ ಕಡಿಮೆಯಲ್ಲ. ನಾವು ತೋಟದವರ ಒಪ್ಪಿಗೆ ಕೇಳಿ ತೋಟದ ಅಂಚಿನ ಬಯಲಲ್ಲಿ ಹಾಕಿದೆವು. ಒಪ್ಪಿಗೆ ಕೇಳುವುದು ಬರೇ ಮರ್ಯಾದೆಯ ಮಾತಲ್ಲ. ಪ್ರವಾಸಿಗಳ ದಂಡೆಗಳಲ್ಲಿ ಪೋಲೀಸರು ಎಬ್ಬಿಸುತ್ತಾರೆ, ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಯಾರದಾದರೂ ಜಾಗದಲ್ಲಿ ಕೇಳಿಕೊಂಡು ಇದ್ದರೆ ಬಾವಿಯ ಸಿಹಿನೀರು ಸಿಗುತ್ತದೆ, ಆಪತ್ತಿಗೆ ಕೂಗಿದರೆ ಓಗೊಡುವವರು ಇರುತ್ತಾರೆ.

ಡೇರೆಯನ್ನು ನೀರಿನಿಂದ ಎಷ್ಟು ದೂರ ಹಾಕಬೇಕು? ಇದಕ್ಕೆ ಉಬ್ಬರ ಇಳಿತ ತಿಳಿದಿರಬೇಕು. ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಒಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಚಂದ್ರ ದಿನಾ ತಡವಾಗಿ ಹುಟ್ಟುವುದರಿಂದ ಉಬ್ಬರವೂ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಸೂರ್ಯಚಂದ್ರರ ಎಳೆತ ಒಂದೇ ಸಾಲಿನಲ್ಲಿ ಕೂಡಿ ದೊಡ್ಡ ಉಬ್ಬರ, ಅಷ್ಟಮಿಯ ಆಸುಪಾಸು ಸಣ್ಣದು. ಅಂದರೆ ಮನೆಯ ಗೋಡೆಯ ಮೇಲಿನ ಪಂಚಾಂಗವೇ ಉಬ್ಬರದ ಪಟ್ಟಿ. ನಿಖರವಾದ ಹೊತ್ತು ಬೇಕಾದವರು ಮೊಬೈಲಿನಲ್ಲಿ ನೋಡಬಹುದು. ಮುಂಬಯಿಯಲ್ಲಿ ದೊಡ್ಡ ಉಬ್ಬರವೆಂದರೆ ನೀರು ನಾಲ್ಕೂವರೆ ಐದು ಮೀಟರಿನ ಹತ್ತಿರ ಏರುತ್ತದೆ, ಕಾರವಾರದ ಕಡೆ ಎರಡು ಮೀಟರಿನ ಆಸುಪಾಸು. ಕಡಿಮೆಯೇನೋ ಹೌದು. ಆದರೆ ಚಪ್ಪಟೆ ದಂಡೆಯಲ್ಲಿ ಎರಡು ಮೀಟರು ಏರಿದ ನೀರು ಅಡ್ಡಡ್ಡ ಎಷ್ಟೋ ಮಾರು ನಡೆದು ಬರುತ್ತದೆ. ದಂಡೆಯ ಮೇಲೆ ಒಣಗಿದ ಕಸ, ಚಿಪ್ಪು, ಕಡ್ಡಿಗಳ ಒಂದು ಗೆರೆ ಇರುತ್ತದಲ್ಲ, ಅದು ಕಡಲು ತಾನೇ ಎಳೆದ ಗಡಿ. ಅದರಿಂದ ಚೆನ್ನಾಗಿ ಮೇಲಕ್ಕೆ ಹೋಗಿ ಮಲಗಿ.

ಗಾಳಿಯ ಲೆಕ್ಕವೂ ಹೀಗೇ ಸುಲಭ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗಕ್ಕೆ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಕಡಲು ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಿರುಗಿ ಬೆಟ್ಟದಿಂದ ಕಡಲಿಗೆ ಬೀಸುತ್ತದೆ. ಸಂಜೆ ಕಡಲಿಗೆ ಮುಖ ಮಾಡಿ ಅಡಿಗೆಯ ಒಲೆ ಹೂಡಿದ ನಾವು ಬೆಳಗಿನ ಜಾವ ಹೊಗೆಯನ್ನೆಲ್ಲ ಡೇರೆಯೊಳಗೇ ತುಂಬಿಕೊಂಡೆವು.

ಈಗ ನಾನು ಬರೆಯಲು ಹಿಂಜರಿಯುತ್ತಿದ್ದ ವಿಷಯ. ಸಂಪಾದಕರು ಉಪಯೋಗ ಉಪಯೋಗ ಎಂದದ್ದರಿಂದ ಬರೆಯುತ್ತೇನೆ.

ಎರಡನೆಯ ದಿನ ಬೆಳಿಗ್ಗೆ ಎರಡು ಗುಡ್ಡಗಳ ನಡುವಿನ ಒಂದು ಸಣ್ಣ ದಂಡೆಗೆ ಇಳಿದೆವು. ಜನ ಇಲ್ಲ, ಬೋರ್ಡಿಲ್ಲ. ತುಳು ಮಿತ್ರರು ಮೊಣಕಾಲು ನೀರಿನಲ್ಲೇ ನಿಂತರು. ಅವರ ಮನೆಯವರು ಹಾಗೆ ಕಲಿಸಿದ್ದರು. ಗದಗಿನವ ನನ್ನನ್ನು ಕೇಳಿದ, "ಇಲ್ಲಿ ಈಜಬೌದೇನಲೇ?" ನಾನು ಹೇಳಿದೆ, "ನಮ್ಮೂರ ಸಮುದ್ರ, ನಂಗೊತ್ತು, ಏನಾಗಲ್ಲ." ಗೊತ್ತು ಅಂದದ್ದು ಶುದ್ಧ ಸುಳ್ಳು. ನಾನು ಆ ಸಮುದ್ರದಲ್ಲಿ ಸೊಂಟದಿಂದಾಚೆ ಇಳಿದವನಲ್ಲ. ಆದರೆ ಎರಡು ದಿನದಿಂದ ನಾನು ಅವರಿಗೆಲ್ಲ ಊರು ತೋರಿಸುವ ಯಜಮಾನನಾಗಿದ್ದೆ. "ನಾ ಬಾವ್ಯಾಗ ಕಲತಾವ, ನನಗೇನ್ ಅಂಜಿಕಿಲ್ಲ" ಎನ್ನುತ್ತಾ ಅವನು ಇಳಿದ. ಅಲೆ ಏಳದೆ ಶಾಂತವಾಗಿ ಕಾಣುತ್ತಿದ್ದ ಜಾಗ ನೋಡಿ ಅಲ್ಲಿಗೇ ಹೋದ. ನಾನೂ ಅದನ್ನೇ ಬೆರಳು ಮಾಡಿ ತೋರಿಸಿದ್ದೆ.

ಆ ಶಾಂತವಾದ ಜಾಗವೇ ಮೋಸದ ಜಾಗವೆಂದು ಈಗ ತಿಳಿದಿದೆ. ಅಲೆಗಳು ಒಂದರ ಮೇಲೊಂದು ದಂಡೆಗೆ ನೀರು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹಿಂದೆ ಹೋಗಲೇಬೇಕು. ಮರಳ ದಿಣ್ಣೆಗಳ ನಡುವೆ, ಅಥವಾ ಬಂಡೆಯ ಪಕ್ಕದಲ್ಲಿ ಎಲ್ಲಿ ಆಳದ ಓಣಿ ಸಿಗುತ್ತದೋ ಅಲ್ಲಿ ಕೂಡಿ ಹೊಳೆಯ ಹಾಗೆ ಹೊರಕ್ಕೆ ಹರಿಯುತ್ತದೆ. ಆಳ ಹೆಚ್ಚಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಬಿಳಿ ನೊರೆಯ ನಡುವೆ ಒಂದು ಕಪ್ಪು ಓಣಿ ಕಂಡರೆ ಅದೇ ಸೆಳವು. ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮನುಷ್ಯ ಹೆದರಿ ದಂಡೆಯ ಕಡೆ ನೇರ ಈಜುತ್ತಾನೆ. ಎಷ್ಟು ಈಜಿದರೂ ಇದ್ದಲ್ಲೇ ಇರುತ್ತಾನೆ, ಅಥವಾ ಇನ್ನೂ ದೂರ ಹೋಗುತ್ತಾನೆ. ಕೈ ಸೋಲುತ್ತದೆ. ಮುಳುಗುವುದು ಆ ದಣಿವಿನಿಂದ. ಬಾವಿಯಲ್ಲಿ ಕಲಿತವನಿಗೆ ನೀರಿಗೆ ಒಂದು ದಿಕ್ಕು ಇರುತ್ತದೆಂಬುದೇ ಗೊತ್ತಿರುವುದಿಲ್ಲ.

ನಮ್ಮವ ಐದು ನಿಮಿಷ ಹಾಗೆ ಈಜಿದ. ಮೊದಲು ನಗುತ್ತಿದ್ದ, ಆಮೇಲೆ ನಗಲಿಲ್ಲ. ಸೊಲ್ಲಾಪುರದವ ನೀರಿಗೆ ಹಾರಲು ಹೊರಟ. ಮರಾಠಿ ಹುಡುಗ ಅವನ ಅಂಗಿ ಹಿಡಿದು ನಿಲ್ಲಿಸಿದ. ಆಗ ಬಂಡೆಯ ಮರೆಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಒಬ್ಬ ಮುದುಕರು ಎದ್ದು ಓಡಿ ಬಂದು ಎರಡೂ ಕೈ ಒಂದೇ ಪಕ್ಕಕ್ಕೆ ಬೀಸುತ್ತಾ ಕೂಗಿದರು: "ಅಡ್ಡ ಹೋಗು! ಅಡ್ಡ!" ಅವನಿಗೆ ಕೇಳಿಸಿತೋ ಕೈ ಕಂಡಿತೋ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜತೊಡಗಿದ. ಇಪ್ಪತ್ತು ಮೂವತ್ತು ಮಾರು ಹೋಗಿರಬಹುದು, ಸೆಳವು ಬಿಟ್ಟಿತು. ಅಲ್ಲಿಂದ ಅಲೆಗಳೇ ಅವನನ್ನು ನೂಕಿಕೊಂಡು ಬಂದು ಮರಳಿಗೆ ಒಗೆದವು. ಮುದುಕರು ಅವನನ್ನು ಮಗ್ಗುಲಾಗಿ ಮಲಗಿಸಿ, ಉಸಿರು ಸರಿಯಾಗುವವರೆಗೆ ಕಾದು, ನನ್ನ ಕಡೆ ತಿರುಗಿದರು. ನಾನು ಎಂತದೋ ಕನ್ನಡದಲ್ಲಿ ತೊದಲಿದ್ದು ಅವರಿಗೆ ಗುರುತು ಹತ್ತಿರಬೇಕು.

"ನೀ ಯಾರ ಮನೆಯವ?"

ದೊಡ್ಡಪ್ಪನ ಹೆಸರು ಹೇಳಿದೆ.

"ಊರವನಾಗಿ ಇಷ್ಟೂ ಗೊತ್ತಿಲ್ವ ನಿಂಗೆ?"

ಬೈದದ್ದಲ್ಲ, ನಿಜವಾಗಿಯೂ ಕೇಳಿದರು. ಅವರಿಗೆ ಅದು ನಂಬಲಾಗದ ಮಾತು. ಉಬ್ಬರ, ಸೆಳವು, ಗಾಳಿ, ಚಿರೆಕಲ್ಲು ಎಂದು ಮೇಲೆ ನಾನು ಬರೆದದ್ದರಲ್ಲಿ ಬಹುಪಾಲು ಆ ದಿನದ ನಂತರ ಕೇಳಿ ಕೇಳಿ ತಿಳಿದುಕೊಂಡದ್ದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಬಾಲಕಿಯರು ಸಮುದ್ರಪಾಲಾದ ಸುದ್ದಿ ನಾವೆಲ್ಲ ಓದಿದ್ದೆವು. ಓದಿ ಅಯ್ಯೋ ಅಂದಿದ್ದೆವು. ಓದುವುದು ಬೇರೆ.

ಆದ್ದರಿಂದ ಕ್ರಮ ಇಷ್ಟು: ಸ್ಥಳೀಯರು ಇಳಿಯದ ಕಡೆ ಇಳಿಯಬೇಡಿ. ನೊರೆ ಇಲ್ಲದ ಓಣಿಗೆ ಹೋಗಬೇಡಿ. ಸಿಕ್ಕಿದರೆ ಅಂಗಾತ ತೇಲಿ ಉಸಿರು ಹಿಡಿದುಕೊಳ್ಳಿ, ಅಡ್ಡ ಈಜಿ, ಆಮೇಲೆ ದಂಡೆಗೆ ಬನ್ನಿ. ದಂಡೆಯಲ್ಲಿದ್ದವರು ಹಾರಬೇಡಿ; ತೇಲುವ ವಸ್ತು ಎಸೆಯಿರಿ. ಮುಚ್ಚಿದ ಖಾಲಿ ಕೊಡವಾದರೂ ಸರಿ.

ಆ ದಿನ ಮಧ್ಯಾಹ್ನ ಯಾರಿಗೂ ಮಾತು ಬರಲಿಲ್ಲ. ಅವಲಕ್ಕಿಗೆ ಬೆಲ್ಲ ಕಾಯಿತುರಿ ಕಲಸಿ ತಿಂದೆವು. ಗದಗಿನವ ಮಾತ್ರ ಎರಡು ಪಾಲು ತಿಂದ. ಡೇರೆಯ ಊಟಕ್ಕೆ ಅವಲಕ್ಕಿಯಷ್ಟು ಒಳ್ಳೆಯದು ಬೇರೆ ಇಲ್ಲ: ಒಲೆ ಬೇಡ, ಹಗುರ, ಕೆಡುವುದಿಲ್ಲ. ಬಾಯಾರಿಕೆಗೆ ಒಣಗಿಸಿದ ಮುರುಗಲ ಸಿಪ್ಪೆ ನೀರಿಗೆ ಹಾಕಿ, ಉಪ್ಪು ಬೆಲ್ಲ ಸೇರಿಸಿ.

ಮೂರನೆಯ ದಿನ ಕಡಲಿಗೆ ಬೆನ್ನು ಹಾಕಿ ಅಘನಾಶಿನಿಯ ಅಳಿವೆಗೆ ಹೋದೆವು. ಅಘನಾಶಿನಿ ಎಂಬ ಹೆಸರಿನ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟಬಹುದು. ಈ ನದಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಕಡಲು ಸೇರುತ್ತದೆ. ಅಣೆಕಟ್ಟು ಇಲ್ಲದ್ದರಿಂದ ಏನಾಗುತ್ತದೆ? ಸಿಹಿನೀರು ಉಪ್ಪುನೀರುಗಳ ಕೂಡುವಿಕೆ ಅಳಿವೆಯಲ್ಲಿ ಕೆಡದೆ ಉಳಿಯುತ್ತದೆ, ಬೆಟ್ಟದ ಮಣ್ಣು ತಡೆಯಿಲ್ಲದೆ ಇಳಿದು ಬರುತ್ತದೆ. ಅದನ್ನು ನಂಬಿಕೊಂಡು ಬಳಚು ಬದುಕುತ್ತದೆ. ಮುಂಬಯಿಯ ಮೀನು ಪೇಟೆಯಲ್ಲಿ 'ತಿಸರ್ಯಾ' ಎಂದು ಕೂಗುತ್ತಾರಲ್ಲ, ಆ ಜಾತಿಯ ಚಿಪ್ಪುಗಳು. ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಸೊಂಟದ ನೀರಿನಲ್ಲಿ ನಿಂತು ತಳದಿಂದ ಬಳಚು ತೆಗೆಯುತ್ತಾರೆ. ಬದಿಯ ಗಜನಿ ಗದ್ದೆಗಳಲ್ಲಿ 'ಕಗ್ಗ' ಎಂಬ ಭತ್ತ ಬೆಳೆಯುತ್ತಿತ್ತು, ಈಗಲೂ ಅಲ್ಲಲ್ಲಿ ಇದೆ. ಉಪ್ಪುನೀರು ನುಗ್ಗಿದರೂ ಸಾಯದ ಬೆಳೆ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಒಂದೇ ನೀರಿನಿಂದ ಅಕ್ಕಿ, ಉಪ್ಪು, ಮೀನು ಮೂರನ್ನೂ ತೆಗೆದ ಜನ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದರು, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳಲ್ಲಿ ಒಂದೆಂದು ಒಪ್ಪಿದ ಹಾಗೆ. ಇಲ್ಲಿ ಮಾಡಬೇಕಾದ ಕೆಲಸವೆಂದರೆ ಬದುವಿನ ಮೇಲೆ ಕೂತು ನೀರು ಇಳಿಯುವುದನ್ನು ಎರಡು ಗಂಟೆ ನೋಡುವುದು. ಅಷ್ಟೇ. ಹಕ್ಕಿಗಳು ತಾವಾಗಿ ಬರುತ್ತವೆ.

ದಾರಿಯಲ್ಲಿ ಮಿರ್ಜಾನ ಕೋಟೆ ಸಿಗುತ್ತದೆ. ಅದೂ ಚಿರೆಕಲ್ಲಿನದೇ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಮೆಣಸು ಘಟ್ಟದ ಮೇಲಿನದು, ಹಡಗು ಕಡಲಿನದು, ನಡುವೆ ಈ ನದಿ. ಕೋಟೆ ಇಲ್ಲೇ ಯಾಕೆ ಎಂಬುದಕ್ಕೆ ಬೇರೆ ಕಾರಣ ಬೇಡ.

ಸಾಹಿತ್ಯದವರು ಎಂದ ಮೇಲೆ ಹನೇಹಳ್ಳಿಗೆ ಹೋಗದೆ ಬರುವುದು ಹೇಗೆ? ಗೋಕರ್ಣದ ಹತ್ತಿರದ ಈ ಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಕೂತು ಜನ್ಮವಿಡೀ ಇದನ್ನೇ ಬರೆದರು. ನೋಡಿದರೆ ಸಾಧಾರಣ ಹಳ್ಳಿ. ತೋಟ, ಓಣಿ, ನಾಯಿ. ಇದಾ ಹನೇಹಳ್ಳಿ ಎಂದು ಸೊಲ್ಲಾಪುರದವನಿಗೆ ನಿರಾಸೆ. ನನಗೆ ಮಾತ್ರ ಆ ಓಣಿಯಲ್ಲಿ ನಡೆಯುವಾಗ ಮುದುಕರ ಪ್ರಶ್ನೆ ಮತ್ತೆ ಕೇಳಿಸಿತು.

ನಾಲ್ಕನೆಯ ದಿನ ಯಾಣ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆ ಕಾಡಿನಲ್ಲಿ ನಡೆದೇ ಹೋಗಬೇಕಿದ್ದ ಕಾಲದ್ದು. ಈಗ ಹತ್ತಿರದವರೆಗೆ ವಾಹನ ಹೋಗುತ್ತದೆ. 1996ರ 'ನಮ್ಮೂರ ಮಂದಾರ ಹೂವೇ' ಚಿತ್ರದ ನಂತರ ಜನವೂ ಹೋಗುತ್ತಾರೆ. ಕಾಡಿನ ಮಧ್ಯೆ ಒಮ್ಮೆಲೇ ಎರಡು ಕಪ್ಪು ಶಿಖರ: ಭೈರವೇಶ್ವರ 120 ಮೀಟರು, ಮೋಹಿನಿ 90 ಮೀಟರು. ಭಸ್ಮಾಸುರ ತನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಬೂದಿಯಾದ ಜಾಗವಂತೆ, ಕಲ್ಲು ಮಣ್ಣು ಕಪ್ಪಾದದ್ದು ಅದಕ್ಕಂತೆ. ಶಾಸ್ತ್ರದ ಮಾತು ಕೇಳಿದರೆ ಇದು ಸುಣ್ಣದ ಕಲ್ಲು. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ, ಆ ಆಮ್ಲ ಸುಣ್ಣದ ಕಲ್ಲನ್ನು ನಿಧಾನವಾಗಿ ಕರಗಿಸಿ ಗುಹೆ, ಸೀಳು, ಮೊನೆಗಳನ್ನು ಮಾಡುತ್ತದೆ. ಹೊರಗಿನಿಂದ ಕಪ್ಪು ಕಂಡರೂ ಒಳಗೆ ಸುಣ್ಣ. ಹತ್ತಿರದ ವಿಭೂತಿ ಜಲಪಾತದಲ್ಲಿ ಅದೇ ಸುಣ್ಣ ಬೆಳ್ಳಗೆ ಕಾಣುತ್ತದೆ, ಹೆಸರೂ ಅದರಿಂದಲೇ ಬಂದದ್ದು. ಬಂಡೆಯ ಎತ್ತರದಲ್ಲಿ ದೊಡ್ಡ ಹೆಜ್ಜೇನಿನ ಹುಟ್ಟುಗಳಿವೆ. ಕೂಗಾಡುವುದು, ಹೊಗೆ ಹಾಕುವುದು ಖಂಡಿತ ಬೇಡ.

ಆ ರಾತ್ರಿ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬರ ಅಂಗಳದಲ್ಲಿ ಡೇರೆ ಹಾಕಿದೆವು. ಮನೆಯಮ್ಮ ಮೊದಲು ಕೇಳಿದ್ದು, "ತರಗೆಲೆ ಮೇಲೆ ಕೂತಿರೇನು?" ಎಂದು. ಕಾರಣ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉತ್ತರ ಕನ್ನಡದ ಮಲೆನಾಡಿಗೂ ಹಬ್ಬಿದೆ. ಹರಡುವುದು ಉಣುಗುಗಳಿಂದ. ಮಳೆ ಮುಗಿದ ಮೇಲೆ, ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ನಮ್ಮ ಪ್ರವಾಸದ ಕಾಲದಲ್ಲಿ, ಅದರ ಹಾವಳಿ. ಮಂಗ ಸತ್ತು ಬಿದ್ದ ಸುದ್ದಿ ಇರುವ ಕಡೆಗೆ ಹೋಗಬಾರದು. ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ಸಂಜೆ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ಒಗೆಯುವುದು, ಕಂಕುಳು ತೊಡೆಸಂದಿ ಕಿವಿಯ ಹಿಂದೆ ನೋಡಿಕೊಳ್ಳುವುದು. ಹಿಂದಿರುಗಿದ ಮೇಲೆ ಜ್ವರ ಬಂದರೆ ಮುಂಬಯಿಯ ಡಾಕ್ಟರಿಗೆ "ನಾನು ಆ ಕಾಡಿಗೆ ಹೋಗಿದ್ದೆ" ಎಂದು ನೀವಾಗಿಯೇ ಹೇಳಬೇಕು. ಅವರಿಗೆ ಅದು ಹೊಳೆಯುವ ಸಂಭವ ಕಡಿಮೆ.

ರಾತ್ರಿಯ ಆಟಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರ ಇದೆಯೋ ಅದೇ ನಾವು ನಿಂತ ಜಾಗದ ಅಕ್ಷಾಂಶ. ಗೋಕರ್ಣದಲ್ಲಿ ಹದಿನಾಲ್ಕೂವರೆ, ಅಂದರೆ ಒಂದೂವರೆ ಮುಷ್ಟಿ. ಮುಂಬಯಿಯಲ್ಲಿ ಹತ್ತೊಂಬತ್ತು, ಹೆಚ್ಚುಕಡಿಮೆ ಎರಡು ಮುಷ್ಟಿ. ಊರಿಗೂ ಡೊಂಬಿವಲಿಗೂ ಇರುವ ದೂರ ಅರ್ಧ ಮುಷ್ಟಿ! ಮುಂಬಯಿಯ ಬೆಳಕಿನಲ್ಲಿ ಧ್ರುವ ಕಂಡರೆ ತಾನೇ ಅಳೆಯುವುದು. ದಕ್ಷಿಣದಲ್ಲಿ ಅಗಸ್ತ್ಯ, ಪೂರ್ವದಲ್ಲಿ ಕೃತ್ತಿಕೆ ರೋಹಿಣಿ ಮಹಾವ್ಯಾಧ, ಎಲ್ಲ ಡಿಸೆಂಬರಿನಲ್ಲಿ ಸಲೀಸಾಗಿ ಸಿಗುತ್ತವೆ.

ದಂಡೆಯಲ್ಲಿ ಬೆಂಕಿ ಹಾಕಿ ಹಾಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ ಎನ್ನುತ್ತೇನೆ. ಚಳಿಗಾಲದಲ್ಲಿ ಈ ಕರಾವಳಿಯ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಸುಮಾರು ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬಂದು ಬೆಳಕಿರುವ ಕಡೆಗೆ ನಡೆಯುತ್ತದೆ. ಕತ್ತಲ ದಂಡೆಯಲ್ಲಿ ಬೆಳಕಿರುವುದು ಕಡಲಿನ ದಿಗಂತದಲ್ಲಿ. ನೀವು ಬೆಂಕಿ ಹಾಕಿದರೆ ಅದು ಬೆಂಕಿಯ ಕಡೆ ನಡೆಯುತ್ತದೆ. ಹಾಡನ್ನು ಕತ್ತಲಲ್ಲೂ ಹಾಡಬಹುದು. ನಮ್ಮಲ್ಲಿ ಕೆಲವರ ಹಾಡಿಗೆ ಕತ್ತಲೇ ಒಳ್ಳೆಯದು.

ಮಳೆಗಾಲದಲ್ಲಿ ಹೋಗಬಹುದೇ ಎಂದು ಇಬ್ಬರು ಈಗಾಗಲೇ ಕೇಳಿದ್ದಾರೆ. ನೋಡಲು ಹೋಗಬಹುದು, ಡೇರೆ ಹಾಕಲು ಬೇಡ. ನೈಋತ್ಯದ ಗಾಳಿ ಕಡಲ ತೇವವನ್ನೆಲ್ಲ ಹೊತ್ತು ತಂದು ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಮೇಲೇರಿ ತಣ್ಣಗಾಗಿ ಸುರಿಸುವ ಮಳೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬೆಟ್ಟ ಕಡಲಿಗೆ ಇಷ್ಟು ಹತ್ತಿರ ಇರುವುದರ ಸುಖವೂ ಅದೇ, ಅಪಾಯವೂ ಅದೇ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಮನುಷ್ಯರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಒಂದು ಲಾರಿಯನ್ನು ನದಿಯಿಂದ ಎತ್ತುವಷ್ಟರಲ್ಲಿ ಸೆಪ್ಟೆಂಬರ್ ಕೊನೆಯಾಗಿತ್ತು. ರಸ್ತೆಗಾಗಿ ಬುಡ ಕಡಿದ ಗುಡ್ಡದ ಕೆಳಗೆ ಮಳೆಯಲ್ಲಿ ಯಾವ ಲೆಕ್ಕಕ್ಕೂ ನಿಲ್ಲಬಾರದು. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು.

ಕೊನೆಯ ರಾತ್ರಿ ದೊಡ್ಡಪ್ಪನ ಮನೆಗೆ ಹೋದೆವು. ಸುದ್ದಿ ನಮಗಿಂತ ಮೂರು ದಿನ ಮುಂಚೆಯೇ ಅಲ್ಲಿಗೆ ಮುಟ್ಟಿತ್ತು. ದೊಡ್ಡಪ್ಪ ಏನೂ ಹೇಳಲಿಲ್ಲ. ದೊಡ್ಡಮ್ಮ ಗದಗಿನವನ ತಲೆ ಮುಟ್ಟಿ ನೋಡಿ, ಅವನಿಗೆ ಮೊದಲು ಬಡಿಸಿದರು. "ಮನೆಯಲ್ಲಿ ಹೇಳಬೇಡಿ ದೊಡ್ಡಪ್ಪ" ಎಂದು ನಾನು ಕೇಳಿಕೊಳ್ಳಬೇಕೆಂದಿದ್ದೆ, ಕೇಳಲು ಬಾಯಿ ಬರಲಿಲ್ಲ. ಊಟವಾದ ಮೇಲೆ ಮಿತ್ರರು ಹಟ ಹಿಡಿದು ಅಂಗಳದಲ್ಲೇ ಡೇರೆ ಹಾಕಿದರು. ರಾತ್ರಿ ಎಷ್ಟು ಹೊತ್ತಿಗೋ ಟಾರ್ಚಿನ ಬೆಳಕು ಡೇರೆಯ ಬಟ್ಟೆಯ ಮೇಲೆ ನಿಧಾನವಾಗಿ ಓಡಾಡಿತು. ದೊಡ್ಡಪ್ಪ ತಲೆ ಎಣಿಸುತ್ತಿದ್ದರು. ಬೆಳಿಗ್ಗೆ ಹಗ್ಗ ಎಳೆದು ನೋಡಿ, "ಗಟ್ಟಿ ಉಂಟು" ಎಂದರು. ಆಮೇಲೆ ನನ್ನನ್ನು ಒಬ್ಬನನ್ನೇ ಕರೆದುಕೊಂಡು ದಂಡೆಗೆ ಹೋಗಿ, ಒಂದು ಗಂಟೆ ನಿಂತು, ಎಲ್ಲಿ ನೀರು ಹೊರಕ್ಕೆ ಹೋಗುತ್ತದೆ, ಎಲ್ಲಿ ಬರುತ್ತದೆ ಎಂದು ಕೋಲಿನಿಂದ ತೋರಿಸಿದರು. ಕಪ್ಪು ಓಣಿ ಮೊದಲು ಕಾಣಲಿಲ್ಲ. ಆಮೇಲೆ ಕಂಡಿತು, ಒಂದಲ್ಲ ಎರಡು.

ಡೇರೆಗಳು ಈಗ ಸಂಘದ ಕಪಾಟಿನಲ್ಲಿವೆ. ಬೇಕಾದವರು ಕಾರ್ಯದರ್ಶಿಯನ್ನು ಕೇಳಿ ಒಯ್ಯಬಹುದು. ಮರಳು ಜಾಡಿಸಿ, ಬಿಸಿಲಲ್ಲಿ ಒಣಗಿಸಿ ಹಿಂದಿರುಗಿಸಿ. ನೀಲಿ ಡೇರೆಯಲ್ಲಿ ಒಂದು ಗೂಟ ಕಡಿಮೆ ಇದೆ.